ಅಂಗಳದಲ್ಲಿ ಮೊದಲ ಅಳತೆ ಯಾರಿಗೆ: ಬೈಲು, ಮಜಲು, ಬೆಟ್ಟು ಮತ್ತು ಮಾರ್ಕ್ಸ್‌ನ ಗೇಣಿ ಲೆಕ್ಕ

(ಉಡುಪಿಯ ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಉಳಿಸಿಕೊಂಡಿದೆ.)

ಈ ಕರಾವಳಿಯಲ್ಲಿ ‘ವರ್ಗ’ ಎಂದೊಡನೆ ನೆನಪಾಗುವುದು ಹೋರಾಟವಲ್ಲ, ಜಾಗ. ‘ಅದು ವರ್ಗ ಜಾಗವೋ, ಕುಮ್ಕಿಯೋ?’ ಎಂದು ವಿಚಾರಿಸದೆ ಇಲ್ಲಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. ತೀರ್ವೆ (ಕಂದಾಯ) ಕಟ್ಟುವ ಹಿಡುವಳಿ ವರ್ಗ, ಅದು ಯಾರ ಹೆಸರಿನಲ್ಲಿದೆಯೋ ಆತ ವರ್ಗದಾರ. ವರ್ಗಕ್ಕೆ ತಾಗಿದ, ಆತ ಸೊಪ್ಪು ಸೌದೆಗೆ ಬಳಸುವ ಸರ್ಕಾರಿ ಜಾಗ ಕುಮ್ಕಿ. 1799ರಲ್ಲಿ ಕೆನರಾ ಕಂಪೆನಿಯ ಕೈಗೆ ಬಂದಾಗ ಇಲ್ಲಿಗೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಕಂಡದ್ದೂ ಇದನ್ನೇ: ಜಮೀನು ಇಲ್ಲಿ ಆಗಲೇ ತಲೆಮಾರಿನಿಂದ ತಲೆಮಾರಿಗೆ ಇಳಿಯುವ, ಮಾರಲೂ ಅಡವಿಡಲೂ ಬರುವ ಖಾಸಗಿ ಸೊತ್ತಾಗಿತ್ತು. ‘ವರ್ಗ ಹೋರಾಟ’ದ ವರ್ಗ ಬಂದದ್ದು ಎಷ್ಟೋ ಕಾಲದ ನಂತರ. ಎರಡೂ ಅರ್ಥಗಳು ಒಂದೇ ಪದದಲ್ಲಿ ಕೂತದ್ದು ಆಕಸ್ಮಿಕ. ಆದರೂ ಇಂದಿನ ವಿಷಯಕ್ಕೆ ಅದು ಹೊಂದುತ್ತದೆ. ವರ್ಗದಾರ, ಮೂಲಗೇಣಿದಾರ (ಶಾಶ್ವತ ಗೇಣಿಯವನು), ಚಾಲಗೇಣಿ ಒಕ್ಕಲು (ಭದ್ರತೆ ಇಲ್ಲದ ಗೇಣಿಯವನು), ಮೂಲದಾಳು (ತಲೆಮಾರಿನಿಂದ ಮನೆಗೆ ಕಟ್ಟುಬಿದ್ದ ಆಳು) ಎಂದು ಒಂದೇ ಗದ್ದೆಯ ಮೇಲೆ ನಾಲ್ಕು ಮಂದಿ ನಿಂತಿದ್ದಾಗ ಬೆಳೆ ಯಾರಿಗೆ ಎಷ್ಟು ಹೋಯಿತು, ಏಕೆ ಹೋಯಿತು ಎನ್ನುವುದೇ ಪ್ರಶ್ನೆ.

ಮಾರ್ಕ್ಸ್ ಇದಕ್ಕೆ ಕೊಟ್ಟ ಉತ್ತರ ‘ಬಂಡವಾಳ’ದ ಮೂರನೇ ಸಂಪುಟದಲ್ಲಿದೆ. 1864–65ರ ಹಸ್ತಪ್ರತಿ. ಅವನು ತೀರಿಕೊಂಡ ಮೇಲೆ ಏಂಗೆಲ್ಸ್ ಅದನ್ನು ಸರಿಪಡಿಸಿ 1894ರಲ್ಲಿ ಅಚ್ಚು ಹಾಕಿಸಿದ. ಅದರ ಆರನೇ ಭಾಗ, 37ರಿಂದ 47ರವರೆಗಿನ ಅಧ್ಯಾಯಗಳು, ಪೂರ್ತಿ ನೆಲದ ಗೇಣಿಯದ್ದೇ. ಅಧ್ಯಯನ ಕೂಟಗಳು ಸಾಮಾನ್ಯವಾಗಿ ಮೊದಲ ಸಂಪುಟಕ್ಕೇ ಸುಸ್ತಾಗುತ್ತವೆ. ಮೂರನೆಯದನ್ನು ತೆರೆದವರೂ ಗೋಧಿ, ಕ್ವಾರ್ಟರ್ (ಇಂಗ್ಲೆಂಡಿನ ಧಾನ್ಯದ ಅಳತೆ), ಶಿಲ್ಲಿಂಗ್‌ಗಳ ಕೋಷ್ಟಕ ಕಂಡು ಮುಚ್ಚಿಡುತ್ತಾರೆ. ನಮಗೆ ಅಷ್ಟು ಹೆದರಿಕೆ ಬೇಕಾಗಿಲ್ಲ. ಆ ಕೋಷ್ಟಕಕ್ಕೆ ಬೇಕಾದ ನೆಲದ ವಿಂಗಡಣೆ ನಮ್ಮಲ್ಲಿ ಮೊದಲೇ ಇದೆ.

ಬೈಲು, ಮಜಲು, ಬೆಟ್ಟು. ಬೈಲು ಕೆಳಗಿನದು. ತೋಡಿನ ಬದಿಯ ಗದ್ದೆ, ನೀರು ಬತ್ತುವುದಿಲ್ಲ. ಮಳೆಗಾಲದ ಏಣೆಲು, ಅದರ ನಂತರದ ಸುಗ್ಗಿ, ಬೇಸಗೆಯ ಕೊಳಕೆ ಮೂರೂ ಬೆಳೆ ತೆಗೆಯಬಹುದು. ಮಜಲು ನಡುವಿನದು, ಎರಡು ಬೆಳೆ. ಬೆಟ್ಟು ಮೇಲಿನದು, ಮಳೆ ನಿಂತರೆ ಗದ್ದೆಯೂ ಒಣಗಿತು, ಏಣೆಲು ಒಂದೇ. ಈ ಮೂರು ಹೆಸರು ಹೇಳಿದರೆ ಮಾರ್ಕ್ಸ್ ‘ಭೇದಾತ್ಮಕ ಗೇಣಿ’ ಎಂದು ಕರೆದ ವಿಷಯದ ಅರ್ಧ ಪಾಠ ಆದ ಹಾಗೆ.

ಇನ್ನರ್ಧಕ್ಕೆ ಲೆಕ್ಕ ಬೇಕು. ಮುಂದಿನ ಅಂಕಿಗಳು ಲೆಕ್ಕ ಕಲಿಯಲು ನಾನೇ ಇಟ್ಟವು, ಯಾವ ಗ್ರಾಮದ ಇಳುವರಿಯೂ ಅಲ್ಲ. ಮೂರು ಬಗೆಯಲ್ಲೂ ಒಂದೊಂದು ಎಕರೆ ತೆಗೆದುಕೊಳ್ಳಿ. ಏಣೆಲು ಬೆಳೆಯನ್ನು ಮಾತ್ರ ನೋಡಿ. ಉಳುಮೆ, ಬೀಜ, ಸೊಪ್ಪು, ಗೊಬ್ಬರ, ನಾಟಿ, ಕೊಯ್ಲು, ಇವುಗಳ ಖರ್ಚಿಗೆ ಸರಾಸರಿ ಲಾಭ ಸೇರಿಸಿದರೆ ಮೂರಕ್ಕೂ ತಲಾ 1,000 ರೂಪಾಯಿ ಎನ್ನೋಣ. ಬೆಟ್ಟಿನಲ್ಲಿ 10 ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಉಂಡೆ, ಅದೇ ಅಳತೆ) ಅಕ್ಕಿ ಬಂತು, ಮಜಲಿನಲ್ಲಿ 12, ಬೈಲಿನಲ್ಲಿ 15. ಊರಿಗೆ ಬೆಟ್ಟಿನ ಅಕ್ಕಿಯೂ ಬೇಕೇ ಬೇಕು ಎನ್ನುವ ಸ್ಥಿತಿ ಇದ್ದರೆ ಬೆಟ್ಟು ಬೇಸಾಯ ಮಾಡುವವನಿಗೆ ತನ್ನ ಸಾವಿರ ರೂಪಾಯಿ ಹುಟ್ಟಬೇಕು. ಹಾಗಾಗಿ ಮುಡಿಗೆ 100 ರೂಪಾಯಿ ಬೀಳುತ್ತದೆ. ಪೇಟೆಯಲ್ಲಿ ಅಕ್ಕಿಯ ಮುಖ ನೋಡಿ ಇದು ಬೈಲಿನದು, ಇದು ಬೆಟ್ಟಿನದು ಎಂದು ಬೇರೆ ಬೇರೆ ಕ್ರಯ ಕೊಡುವವರಿಲ್ಲ. ಮಜಲಿನ 12 ಮುಡಿಗೆ 1,200, ಬೈಲಿನ 15 ಮುಡಿಗೆ 1,500. ಖರ್ಚೂ ಲಾಭವೂ ಕಳೆದು ಬೆಟ್ಟಿನಲ್ಲಿ ಉಳಿದದ್ದು ಸೊನ್ನೆ, ಮಜಲಿನಲ್ಲಿ 2 ಮುಡಿ, ಬೈಲಿನಲ್ಲಿ 5 ಮುಡಿ. ಆ 2 ಮತ್ತು 5 ದುಡಿದವನ ಜಾಣತನದಿಂದ ಬಂದದ್ದಲ್ಲ, ನೆಲ ಇರುವ ಜಾಗದಿಂದ ಬಂದದ್ದು. ಬೈಲಿನ ಮೇಲೆ ಒಡೆತನ ಇದ್ದವನು ಅದನ್ನು ಗೇಣಿ ಎಂದು ಕೇಳುತ್ತಾನೆ. ಕೇಳಿದರೂ ಬೇಸಾಯಗಾರನ ಲಾಭಕ್ಕೆ ಚ್ಯುತಿ ಇಲ್ಲ.

ಇಲ್ಲಿಯವರೆಗೆ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ರಿಕಾರ್ಡೋ 1817ರಲ್ಲೇ ಹೇಳಿದ್ದ. ಮಾರ್ಕ್ಸ್ ಅದರ ಮೇಲೆ ಎಬ್ಬಿಸಿದ ಪ್ರಶ್ನೆ ಬೇರೆ. ನಮ್ಮ ಲೆಕ್ಕದಲ್ಲಿ ಒಟ್ಟು 37 ಮುಡಿ ಅಕ್ಕಿಗೆ ಸಮಾಜ ಕೊಟ್ಟದ್ದು 3,700 ರೂಪಾಯಿ, ಬೆಳೆಯಲು ಬೇಕಾದದ್ದು 3,000. ಮೇಲಿನ 700 ಎಲ್ಲಿಂದ ಬಂತು? ಮಾರ್ಕ್ಸ್‌ನ ಕೋಷ್ಟಕದಲ್ಲಿ ಈ ಅಂತರ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ನಾಲ್ಕು ಬಗೆಯ ನೆಲ, 1, 2, 3, 4 ಕ್ವಾರ್ಟರ್ ಇಳುವರಿ, ಕ್ವಾರ್ಟರಿಗೆ 60 ಶಿಲ್ಲಿಂಗ್. 10 ಕ್ವಾರ್ಟರ್ ಮಾರಿದ್ದು 600ಕ್ಕೆ, ನಿಜವಾದ ಉತ್ಪಾದನಾ ಬೆಲೆ 240. ಇದನ್ನು ಅವನು ‘ಹುಸಿ ಸಾಮಾಜಿಕ ಮೌಲ್ಯ’ ಎನ್ನುತ್ತಾನೆ. ಭೂಮಿ ಮೌಲ್ಯವನ್ನು ಹುಟ್ಟಿಸುವುದಿಲ್ಲ. ಎಲ್ಲ ಅಕ್ಕಿಗೂ ಒಂದೇ ಪೇಟೆ ಬೆಲೆ ಎಂಬ ನಿಯಮದ ಸಂದಿಯಲ್ಲಿ ತಿನ್ನುವವರ ಜೇಬಿನಿಂದ ಒಡೆಯನ ಜೇಬಿಗೆ ಹಣ ದಾಟುತ್ತದೆ, ಅಷ್ಟೆ. ಗೇಣಿ ‘ನೆಲದ ಗುಣಕ್ಕೆ ಸಿಗುವ ಪ್ರತಿಫಲ’ ಎಂಬ ಮಾತು ಮೇಲ್ನೋಟಕ್ಕೆ ನ್ಯಾಯವೆಂದು ಕಾಣುತ್ತದಲ್ಲ, ಅದು ಜಾರಿಬೀಳುವುದು ಈ 700ರ ಹತ್ತಿರ.

ಇದನ್ನು ಕಲಿಸುವಾಗ ಮೇಲಿಂದ ಮೇಲೆ ಆಗುವ ತಪ್ಪೊಂದಿದೆ. ಬೈಲಿನ ವರ್ಷದ ಮೂರು ಬೆಳೆಯನ್ನು ಒಟ್ಟು ಹಾಕಿ ಬೆಟ್ಟಿನ ಒಂದು ಬೆಳೆಯ ಎದುರು ಇಟ್ಟುಬಿಡುತ್ತಾರೆ. ಮೂರು ಬೆಳೆಗೆ ಮೂರು ಸಲ ಉಳಬೇಕು, ಮೂರು ಸಲ ನೆಡಬೇಕು. ಅದು ನೆಲದ ವ್ಯತ್ಯಾಸ ಮಾತ್ರವಲ್ಲ, ಒಂದೇ ನೆಲದ ಮೇಲೆ ಮತ್ತೆ ಮತ್ತೆ ಹೂಡಿದ ಬಂಡವಾಳದ ವ್ಯತ್ಯಾಸ. ಮಾರ್ಕ್ಸ್ ಮೊದಲನೆಯದನ್ನು ಭೇದಾತ್ಮಕ ಗೇಣಿ ಒಂದು ಎಂದೂ ಎರಡನೆಯದನ್ನು ಎರಡು ಎಂದೂ ಬೇರ್ಪಡಿಸಿದ್ದು ಇದಕ್ಕೇ. ಹಾಗಾಗಿ ಬೆಳೆ ಬೆಳೆಯಾಗಿ ನೋಡಬೇಕು. ಸುಗ್ಗಿಗೂ ಕೊಳಕೆಗೂ ಅದೇ 1,000 ರೂಪಾಯಿ ಖರ್ಚು ಹಿಡಿಯಿರಿ. ಸುಗ್ಗಿಯಲ್ಲಿ ಮಜಲು 11 ಮುಡಿ, ಬೈಲು 13 ಕೊಟ್ಟಿತು. ಕೊಳಕೆಯಲ್ಲಿ ಬೈಲು 10 ಕೊಟ್ಟಿತು. ಸುಗ್ಗಿಯಿಂದ ಮಜಲಿಗೆ 1, ಬೈಲಿಗೆ 3 ಮುಡಿ ಸೇರಿತು. ಕೊಳಕೆಯಿಂದ ಏನೂ ಇಲ್ಲ. ವರ್ಷಕ್ಕೆ ಬೆಟ್ಟು 0, ಮಜಲು 3, ಬೈಲು 8. ಮೂರನೇ ಬೆಳೆ ತೆಗೆದ ಮಾತ್ರಕ್ಕೆ ಗೇಣಿ ಏರಬೇಕೆಂದಿಲ್ಲ ಎಂಬುದನ್ನು ಆ ಕೊಳಕೆಯ ಸೊನ್ನೆ ಹೇಳುತ್ತದೆ. ಒಡೆಯ ಏರಿಸಿದರೆ ಅದು ಬೇರೆ ಕಡೆಯಿಂದ ಬರಬೇಕು. ಎಲ್ಲಿಂದ?

ಬೆಟ್ಟಿನ ಒಡೆಯನೂ ಸುಮ್ಮನೆ ಗದ್ದೆ ಬಿಟ್ಟುಕೊಡುವುದಿಲ್ಲ. ಸೊನ್ನೆ ಗೇಣಿಗೆ ಕೊಡುವ ಬದಲು ಹುಲ್ಲು ಬೆಳೆಯಲಿ ಎನ್ನುತ್ತಾನೆ. ಒಡೆತನ ಎಂಬ ಬೇಲಿಯ ಕಾರಣದಿಂದಲೇ ಅತಿ ಕೆಟ್ಟ ನೆಲಕ್ಕೂ ಬರುವ ಈ ಗೇಣಿಯನ್ನು ಮಾರ್ಕ್ಸ್ ‘ನಿರಪೇಕ್ಷ ಗೇಣಿ’ ಎಂದ. ಬಂಡವಾಳಶಾಹಿ ಬೇಸಾಯದಲ್ಲಿ ಅದು ಧಾನ್ಯದ ಬೆಲೆಯನ್ನು ಮೇಲಕ್ಕೆ ತಳ್ಳಿ ಬರುತ್ತದೆ ಎಂದು ಅವನ ವಾದ. ರಿಕಾರ್ಡೋ ಒಪ್ಪದ, ಇಂದಿಗೂ ಅರ್ಥಶಾಸ್ತ್ರಜ್ಞರು ಜಗಳವಾಡುವ ಭಾಗ ಇದು. ಅದರೊಳಗೆ ಈಗ ಹೋಗುವುದಿಲ್ಲ. ನಮಗೆ ಮುಖ್ಯವಾದದ್ದು ಇಷ್ಟು: ಚಾಲಗೇಣಿಯ ಕಾಲದಲ್ಲಿ ಬೆಟ್ಟಿನ ಗೇಣಿ ಅಕ್ಕಿಯ ಕ್ರಯ ಏರಿಸಿ ಬರುತ್ತಿರಲಿಲ್ಲ. ಒಕ್ಕಲು ಮನೆಯ ಗಂಜಿ ತೆಳ್ಳಗಾಗಿ ಬರುತ್ತಿತ್ತು.

ಏಕೆಂದರೆ ಇಲ್ಲಿ ಅಳತೆಯ ಸರದಿಯೇ ತಿರುವುಮುರುವು. ಮೇಲಿನ ಲೆಕ್ಕದಲ್ಲಿ ನಾವು ಮೊದಲು ಕೂಲಿ ಕಳೆದೆವು, ಆಮೇಲೆ ಲಾಭ ಕಳೆದೆವು, ಉಳಿದದ್ದನ್ನು ಗೇಣಿ ಎಂದೆವು. ಅದು ಇಂಗ್ಲೆಂಡಿನ ಲೆಕ್ಕ. ಅಲ್ಲಿ ಒಡೆಯ, ಗುತ್ತಿಗೆಗೆ ಹಿಡಿದ ಬಂಡವಾಳಗಾರ, ಕೂಲಿಯಾಳು ಎಂದು ಮೂವರು. 47ನೇ ಅಧ್ಯಾಯದಲ್ಲಿ ಮಾರ್ಕ್ಸ್ ಹಳೆಯ ರೂಪಗಳಿಗೆ ಬರುತ್ತಾನೆ: ಒಡೆಯನ ಗದ್ದೆಯಲ್ಲಿ ಬಿಟ್ಟಿ ದುಡಿಯುವ ಗೇಣಿ, ಧಾನ್ಯದ ಗೇಣಿ, ಹಣದ ಗೇಣಿ. ಅಲ್ಲಿ ಗೇಣಿ ಮೊದಲು. ಬೇಸಾಯಗಾರನಿಗೆ ‘ಲಾಭ’ ಅಂತ ಏನಾದರೂ ಸಿಕ್ಕಿದರೆ ಅದು ಗೇಣಿ ಕಟ್ಟಿ ಉಳಿದ ಪುಡಿ. ಅಂಗಳಕ್ಕೆ ಬಂದು ನೋಡಿದರೆ ಯಾವ ವ್ಯವಸ್ಥೆ ಎಂದು ತಿಳಿಯುತ್ತದೆ. ಪಡಿಮಂಚಕ್ಕೆ ಬಡಿದ ಭತ್ತದ ರಾಶಿಯಿಂದ ಮೊದಲ ಅಳತೆ ಯಾರಿಗೆ? ಕೊನೆಯ ಅಳತೆ ಯಾರಿಗೆ?

ಗೇಣಿ ಹೋಗುತ್ತಿದ್ದದ್ದು ಹೆಚ್ಚಾಗಿ ಭತ್ತದಲ್ಲಿ ಅಲ್ಲ, ಅಕ್ಕಿ ಮುಡಿಯಲ್ಲಿ. ಇದನ್ನು ಸುಮ್ಮನೆ ದಾಟಬಾರದು. ಒಂದು ಮುಡಿ ಎಂದರೆ 3 ಕಳಸೆ, 42 ಸೇರು. ಭತ್ತ ಮುಡಿಯಾಗಬೇಕಾದರೆ ಅದನ್ನು ಬೇಯಿಸಬೇಕು, ಅಂಗಳದಲ್ಲಿ ಹರವಿ ಒಣಗಿಸಬೇಕು, ಕುಟ್ಟಬೇಕು, ಗೇರಿ ತೌಡು ಬೇರೆ ಮಾಡಬೇಕು. ಆಮೇಲೆ ಬೈಹುಲ್ಲು ಹಾಸಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು ಉಂಡೆ ಕಟ್ಟಬೇಕು. ಬೇಯಿಸುವುದರಿಂದ ಗೇರುವವರೆಗಿನ ಕೆಲಸ ಬಹುಪಾಲು ಮನೆಯ ಹೆಂಗಸರದ್ದು. ಗೇಣಿ ಚೀಟಿಯಲ್ಲಿ ‘ಅಕ್ಕಿ ಮುಡಿ ಇಷ್ಟು’ ಎಂದು ಬರೆದಾಗ ಆ ಬೇಯಿಸುವ ಸೌದೆಯೂ ಕುಟ್ಟುವ ತೋಳೂ ಒಳಗೆ ಸೇರಿಹೋಗಿದೆ, ಆದರೆ ಎಲ್ಲೂ ಕಾಣುವುದಿಲ್ಲ. ಧಾನ್ಯದ ಗೇಣಿಯಲ್ಲಿ ಇಡೀ ಮನೆಯ ದುಡಿಮೆ, ಗದ್ದೆಯದ್ದೂ ಮನೆಯೊಳಗಿನದ್ದೂ ಸೇರಿ, ಒಟ್ಟಾಗಿ ನಿಂತಿರುತ್ತದೆ ಎಂದು ಮಾರ್ಕ್ಸ್ ಗುರುತಿಸಿದ್ದ. ಮುಡಿಯಷ್ಟು ಚೊಕ್ಕವಾಗಿ ಅದನ್ನು ತೋರಿಸುವ ವಸ್ತು ಅವನ ಕೈಯಲ್ಲಿರಲಿಲ್ಲ. ಇದರ ಮೇಲೆ ಹಬ್ಬಕ್ಕೆ ತರಕಾರಿ, ಬಾಳೆಗೊನೆ, ತೆಂಗಿನಕಾಯಿ ಹೊತ್ತುಕೊಂಡು ಹೋಗಿ ಒಪ್ಪಿಸುವ ಬುಳೆಕಾಣಿಕೆ. ಅದಕ್ಕೆ ಚೀಟಿ ಇಲ್ಲ, ಲೆಕ್ಕವೂ ಇಲ್ಲ. ಗೌರವ ಎಂದು ಹೆಸರು.

ಚಾಲಗೇಣಿಯ ಗೇಣಿ ಪಾಲಲ್ಲ, ಕಟ್ಟಿದ ಮುಡಿ. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟ ಗದ್ದೆಯಾದರೆ ಬೆಳೆ ಹೋದ ವರ್ಷ ಇಬ್ಬರಿಗೂ ಹೋಯಿತು. ಕಟ್ಟಿದ ಮುಡಿಯಲ್ಲಿ ನೆರೆ ಬಂದರೂ ಸರಿ, ರೋಗ ಬಂದರೂ ಸರಿ, ಮುಡಿ ಅಷ್ಟೇ. ಕಡಿಮೆ ಬಿದ್ದದ್ದು ಬಾಕಿ, ಬಾಕಿಯ ಮೇಲೆ ಬಡ್ಡಿ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮನೆಯಲ್ಲಿ ಅಕ್ಕಿ ಮುಗಿದಾಗ ಸಾಲಕ್ಕೆ ಹೋಗುವುದೂ ಅದೇ ಅಂಗಳಕ್ಕೆ. ಒಳ್ಳೆ ಬೆಳೆ ಬಂದ ವರ್ಷ ಹೆಚ್ಚಿನದು ಒಕ್ಕಲಿಗೇ ಉಳಿಯಬೇಕಲ್ಲವೇ? ಉಳಿಯುತ್ತದೆ, ಒಂದೋ ಎರಡೋ ವರ್ಷ. ಚಾಲಗೇಣಿಗೆ ಭದ್ರತೆ ಇಲ್ಲ. ಹುಣಿ (ಗದ್ದೆಯ ಬದು) ಎತ್ತರಿಸಿ, ಸೊಪ್ಪು ಹಾಕಿ, ಬೆಟ್ಟನ್ನು ಮಜಲು ಮಾಡಿದವನಿಗೆ ಮುಂದಿನ ಸಲ ಸಿಗುವುದು ಏರಿಸಿದ ಗೇಣಿ, ಒಪ್ಪದಿದ್ದರೆ ಬೇರೆ ಒಕ್ಕಲು. ಗುತ್ತಿಗೆ ಅವಧಿ ಮುಗಿದೊಡನೆ ಗುತ್ತಿಗೆದಾರ ಮಾಡಿದ ಸುಧಾರಣೆಯೆಲ್ಲ ಒಡೆಯನ ಬಾಯಿಗೆ ಬೀಳುತ್ತದೆ ಎಂದು ಮಾರ್ಕ್ಸ್ ಇಂಗ್ಲೆಂಡಿನ ಬಗ್ಗೆ ಬರೆದ. ಅಲ್ಲಿ ಅವಧಿಯಾದರೂ ವರ್ಷಗಟ್ಟಲೆ ಇತ್ತು.

ಮೂಲಗೇಣಿ ಇದಕ್ಕೆ ನೇರ ವಿರುದ್ಧ. ಗೇಣಿ ಶಾಶ್ವತವಾಗಿ ನಿಂತದ್ದು, ಏರಿಸುವಂತಿಲ್ಲ, ಹೊರಡಿಸುವಂತಿಲ್ಲ. ಅಂಥವನಿಗೆ ತೆಂಗು, ಅಡಿಕೆ ಇಡುವ ಧೈರ್ಯ ಬಂತು, ಏಕೆಂದರೆ ಹೂಡಿದ್ದರ ಫಲ ಅವನದ್ದೇ. ಕಾಲ ಕಳೆದಂತೆ ಅಕ್ಕಿಯ ಕ್ರಯ ಏರಿತು. ಹಣದಲ್ಲಿ ನಿಗದಿಯಾದ ಮೂಲಗೇಣಿ ಮಾತ್ರ ನಿಂತಲ್ಲೇ ನಿಂತು ಹೆಸರಿಗಷ್ಟೇ ಉಳಿಯಿತು. ಆಗ ಮೂಲಗೇಣಿದಾರ ತಾನೇ ಆ ಗದ್ದೆಯನ್ನು ಚಾಲಗೇಣಿಗೆ ಕೊಟ್ಟು ನಡುವೆ ಕುಳಿತ. ಮೇಲಿನವನಿಗೆ ಪುಡಿಗಾಸು ಕಟ್ಟಿ ಕೆಳಗಿನವನಿಂದ ಮುಡಿ ಎಣಿಸಿಕೊಂಡ. ಈತ ಒಕ್ಕಲೋ, ಒಡೆಯನೋ? ಕಾಗದ ನೋಡಿದರೆ ಒಕ್ಕಲು, ಅಂಗಳ ನೋಡಿದರೆ ಒಡೆಯ. ವರ್ಗವನ್ನು ದಸ್ತಾವೇಜಿನ ಹೆಸರಿನಿಂದ ಗುರುತಿಸಬಾರದು ಎನ್ನುವುದಕ್ಕೆ ಮೂಲಗೇಣಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ರೈತ ಚಳವಳಿಯ ಬಗ್ಗೆ ಎರಡು ಮಾತು. 1956ರವರೆಗೆ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ ಭಾಗ. 1941ರ ಮಾರ್ಚ್‌ನಲ್ಲಿ ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. ಆ ಸಾವಿನ ಪ್ರಕರಣದಲ್ಲಿ 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಅಲ್ಲಿನ ರೈತಸಂಘ ಒಮ್ಮೆಗೇ ‘ಭೂಮಿ ನಮ್ಮದು’ ಎಂದು ಹೊರಟದ್ದಲ್ಲ. ಗೇಣಿಯ ಮೇಲಿನ ಅಕ್ರಮ ವಸೂಲಿ ನಿಲ್ಲಿಸಿ, ಗೇಣಿಗೆ ರಶೀದಿ ಕೊಡಿ, ಮನಸ್ಸು ಬಂದಾಗ ಎಬ್ಬಿಸಬೇಡಿ ಎಂಬಂಥ ಬೇಡಿಕೆಗಳೇ ಎಲ್ಲ ಕಡೆ ಮೊದಲು ಬಂದವು. ದೊಡ್ಡ ಸಿದ್ಧಾಂತ ಓದಿದವರಿಗೆ ಇವು ಸಣ್ಣವೆಂದು ಕಾಣಬಹುದು. ರಶೀದಿ ಸಣ್ಣದಲ್ಲ ಎಂಬುದು ಮುಂದೆ ಗೊತ್ತಾಯಿತು.

ಆ ಮುಂದಿನದು 1974. ಅದಕ್ಕೂ ಮೊದಲು 1961ರ ಭೂಸುಧಾರಣಾ ಕಾಯ್ದೆ ಇತ್ತು, 1965ರ ಅಕ್ಟೋಬರ್ 2ರಿಂದ ಜಾರಿಗೂ ಬಂದಿತ್ತು. ಆದರೆ ‘ಸ್ವಂತ ಸಾಗುವಳಿ’ಗೆ ಬೇಕೆಂದು ಒಡೆಯ ಗದ್ದೆ ಮರಳಿ ಪಡೆಯುವ ಬಾಗಿಲು ಅದರಲ್ಲಿ ತೆರೆದೇ ಇತ್ತು. ದೇವರಾಜ ಅರಸು ಸರ್ಕಾರದ ತಿದ್ದುಪಡಿ ಆ ಬಾಗಿಲು ಹಾಕಿತು. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಕೃಷಿ ಜಮೀನು 44ನೇ ಕಲಮಿನಂತೆ ಸರ್ಕಾರಕ್ಕೆ ಸೇರಿತು. ಕಾಗದದ ಮಟ್ಟಿಗೆ ಇದು ರಾಷ್ಟ್ರೀಕರಣವೇ. ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಆಮೇಲೆ ಒಕ್ಕಲು ನಮೂನೆ 7 ತುಂಬಿಸಿ ಅಧಿಭೋಗದ ಹಕ್ಕು ಕೇಳಬೇಕು. ನಮ್ಮ ಕಡೆ ‘ಡಿಕ್ಲರೇಶನ್ ಕೊಡುವುದು’ ಎಂದರೆ ಇದೇ. ಕೊಡಲು ಕೊನೆಯ ದಿನ 1979ರ ಜೂನ್ 30ರವರೆಗೆ ಮುಂದೆ ಹೋಯಿತು. ತೀರ್ಮಾನಿಸುವುದು ತಾಲೂಕಿನ ಭೂನ್ಯಾಯಮಂಡಳಿ: ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಲಿಗೆ ವಕೀಲರಿಗೆ ಪ್ರವೇಶ ಇಟ್ಟಿರಲಿಲ್ಲ. ಒಕ್ಕಲು ತಾನೇ ನಿಂತು ತುಳುವಿನಲ್ಲೋ ಕನ್ನಡದಲ್ಲೋ ‘ಈ ಗದ್ದೆ ನಾನು ಮಾಡುತ್ತಿದ್ದೇನೆ’ ಎಂದು ಹೇಳಬೇಕಿತ್ತು.

ಹೇಳಿದ್ದಕ್ಕೆ ಆಧಾರ ಏನು? ಪಹಣಿಯ ಸಾಗುವಳಿ ಕಾಲಂ, ಗೇಣಿ ಚೀಟಿ, ನೆರೆಕರೆಯವರ ಸಾಕ್ಷಿ. ಚೀಟಿ ಕೊಡುವ ಅಭ್ಯಾಸವಿಲ್ಲದ ಒಡೆಯನ ಒಕ್ಕಲು ಸಿಕ್ಕಿಬಿದ್ದದ್ದು ಇಲ್ಲಿ. ಪಹಣಿಯಲ್ಲಿ ‘ಸ್ವಂತ’ ಎಂದು ಬಿದ್ದಿದ್ದರೆ ಅದನ್ನು ಅಳಿಸುವ ಹೊರೆ ಅವನದ್ದು. ಒಡೆಯನ ಮುಖ ನೋಡಿ, ಋಣ ನೆನೆದು, ಡಿಕ್ಲರೇಶನ್ನೇ ಕೊಡದ ಮನೆಗಳೂ ಇದ್ದವು. ಆದರೂ ಕೆಲಸ ನಡೆಯಿತು. ಗೇಣಿ ಬೇಸಾಯ ಬೇರೂರಿದ್ದ ಈ ಕರಾವಳಿಯಲ್ಲಿ ಕಾಯ್ದೆ ಹಿಡಿದಷ್ಟು ಆಳಕ್ಕೆ ಬಯಲುಸೀಮೆಯಲ್ಲಿ ಹಿಡಿಯಲಿಲ್ಲ. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿಗೆ ಹಾಕಿದ ಹತ್ತು ಯೂನಿಟ್‌ನ ಗರಿಷ್ಠ ಮಿತಿಯಿಂದ ಇಲ್ಲಿ ಹೆಚ್ಚೇನೂ ಆಗಲಿಲ್ಲ. ಚದುರಿದ ಸಣ್ಣ ಹಿಡುವಳಿಗಳ ಊರಲ್ಲಿ ಕತ್ತಿ ಬಿದ್ದದ್ದು ಗೇಣಿಯ ಮೇಲೆ.

ಹಾಗಾದರೆ ನಮ್ಮ 0, 3, 8 ಮುಡಿ ಏನಾಯಿತು? ಎಲ್ಲಿಗೂ ಹೋಗಲಿಲ್ಲ. ಬೈಲು ಬೈಲಾಗಿಯೇ ಉಳಿಯಿತು, ಬೆಟ್ಟು ಬೆಟ್ಟಾಗಿಯೇ. ಒಡೆಯನನ್ನು ತೆಗೆದರೆ ನಿರಪೇಕ್ಷ ಗೇಣಿ ಹೋಗುತ್ತದೆ, ಭೇದಾತ್ಮಕ ಗೇಣಿ ಹೋಗುವುದಿಲ್ಲ. ಭೂಮಿ ರಾಷ್ಟ್ರೀಕರಣ ಮಾಡಿದರೂ ಅದು ಇರುತ್ತದೆ, ಪ್ರಶ್ನೆ ಅದು ಯಾರ ಕೈಗೆ ಎಂಬುದು ಮಾತ್ರ ಎಂದು ಲೆನಿನ್ 1905ರ ಕ್ರಾಂತಿಯ ನಂತರದ ಕೃಷಿ ಕಾರ್ಯಕ್ರಮದ ಚರ್ಚೆಯಲ್ಲಿ ವಾದಿಸಿದ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಹತ್ತು ಅಂಶಗಳಲ್ಲಿ ಮೊದಲನೆಯದೇ ಭೂಮಿಯ ಖಾಸಗಿ ಒಡೆತನ ರದ್ದುಪಡಿಸಿ ನೆಲದ ಗೇಣಿಯನ್ನೆಲ್ಲ ಸಾರ್ವಜನಿಕ ವೆಚ್ಚಕ್ಕೆ ಬಳಸುವುದು. ನಮ್ಮಲ್ಲಿ ಆ 8 ಮುಡಿ ಸಾರ್ವಜನಿಕಕ್ಕೆ ಬರಲಿಲ್ಲ, ಬೈಲಿನಲ್ಲಿದ್ದ ಒಕ್ಕಲಿಗೆ ಬಂತು. ಅದೇ ಊರಿನ ಬೆಟ್ಟಿನ ಒಕ್ಕಲಿಗೂ ಅದೇ ನಮೂನೆ 7, ಅದೇ ಹಕ್ಕುಪತ್ರ. ಬಂದದ್ದು ಗೇಣಿ ಇಲ್ಲದ ನೆಮ್ಮದಿ ಮಾತ್ರ. ಎರಡನೇ ತಲೆಮಾರಿಗೆ ಒಂದು ಮನೆ ತೋಟ ಮಾಡಿತು, ಇನ್ನೊಂದು ಮನೆಯವರು ಮುಂಬೈಗೆ ಹೋದರು ಎಂದರೆ ಅದರಲ್ಲಿ ಶ್ರಮ, ಅದೃಷ್ಟದ ಜತೆ ಈ ಲೆಕ್ಕವೂ ಇದೆ.

ಮೂಲದಾಳಿಗೆ ಏನು ಬಂತು? ಅವನು ಗೇಣಿದಾರನಲ್ಲ. ಅವನ ಹೆಸರಿಗೆ ಚೀಟಿ ಇಲ್ಲ, ಪಹಣಿಯಲ್ಲಿ ಕಾಲಂ ಇಲ್ಲ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯಲ್ಲಿ ಉಳುವವನು ಎಂದರೆ ನೇಗಿಲು ಹಿಡಿದವನಲ್ಲ, ಗೇಣಿ ಕಟ್ಟಿದವನು. ಕೃಷಿ ಕಾರ್ಮಿಕನಿಗೆ ಕಾಯ್ದೆಯ 38ನೇ ಕಲಂ ಮನೆ ಇರುವ ಅಡಿಸ್ಥಳ ಕೊಟ್ಟಿತು, ಗದ್ದೆ ಕೊಡಲಿಲ್ಲ. ತಲೆಮಾರುಗಟ್ಟಲೆ ಕೆಸರಿನಲ್ಲಿ ನಿಂತ ದಲಿತ ಮನೆಗಳು ಬಹುಪಾಲು ಈ ಸಾಲಿನಲ್ಲಿದ್ದವು. ಹಳೆಯ ಒಕ್ಕಲು ಒಡೆಯನಾದ, ಆಳು ಆಳಾಗಿಯೇ ಉಳಿದ. ಅವನಿಗೆ ಅಂಗಳದ ಕೊನೆಯ ಅಳತೆಯೇ ಗಟ್ಟಿ. ಇದನ್ನು ಭೂಸುಧಾರಣೆಯ ‘ಮಿತಿ’ ಎಂದು ಮೆದುವಾಗಿ ಹೇಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಮಿತಿಯಲ್ಲ, ಕಾಯ್ದೆ ಕಟ್ಟಿದ ರೀತಿಯೇ ಹಾಗೆ.

ಈಗ ಸಿದ್ಧಾಂತದ ಜಗಳಕ್ಕೆ ಬರೋಣ: ಭಾರತದ ಬೇಸಾಯ ಬಂಡವಾಳಶಾಹಿಯೋ, ಊಳಿಗಮಾನ್ಯವೋ? 1960ರ ದಶಕದ ಕೊನೆಗೆ ಅರ್ಥಶಾಸ್ತ್ರಜ್ಞ ಅಶೋಕ್ ರುದ್ರ ಮತ್ತು ಸಂಗಡಿಗರು ಪಂಜಾಬಿನ ದೊಡ್ಡ ಹಿಡುವಳಿದಾರರ ಸಮೀಕ್ಷೆ ಮಾಡಿ ಬಂಡವಾಳಗಾರ ರೈತ ಎಂಬ ಬೇರೆ ಗುಂಪೇ ಕಾಣುವುದಿಲ್ಲ ಎಂದರು. ಉತ್ಸಾ ಪಟ್ನಾಯಕ್ ಆ ವಿಧಾನವನ್ನೇ ಪ್ರಶ್ನಿಸಿದರು: ಕೂಲಿಯಾಳು ಇಟ್ಟ ಮಾತ್ರಕ್ಕೆ ಬಂಡವಾಳಗಾರನಲ್ಲ, ಬಂದ ಮಿಗತೆಯನ್ನು ಮತ್ತೆ ಬೇಸಾಯಕ್ಕೆ ಹೂಡುತ್ತಾನೋ ನೋಡಿ. 1973ರಲ್ಲಿ ಅಮಿತ್ ಭಾದುರಿ ‘ಅರೆ ಊಳಿಗಮಾನ್ಯ’ದ ಒಂದು ಮಾದರಿ ಮುಂದಿಟ್ಟರು. ಒಡೆಯನೇ ಸಾಲವನ್ನೂ ಕೊಡುವವನಾದರೆ ಒಕ್ಕಲಿನ ಬೆಳೆ ಹೆಚ್ಚುವುದು ಅವನಿಗೆ ನಷ್ಟ, ಏಕೆಂದರೆ ಆಗ ಒಕ್ಕಲಿಗೆ ಸಾಲ ಬೇಡವಾಗುತ್ತದೆ, ಬಡ್ಡಿ ನಿಲ್ಲುತ್ತದೆ. ಹಾಗಾಗಿ ಸುಧಾರಣೆಗೆ ಅವನೇ ಅಡ್ಡಗಾಲು. ಆಟಿಯ ಸಾಲ ಬಲ್ಲವರಿಗೆ ಇದು ಪುಸ್ತಕದ ಮಾತೆನಿಸುವುದಿಲ್ಲ.

ಪಕ್ಷಗಳ ಕವಲುಗಳೂ ಇದೇ ಪ್ರಶ್ನೆಗೆ ತಗಲಿಕೊಂಡಿದ್ದವು. ಕಮ್ಯುನಿಸ್ಟ್ ಪಕ್ಷದ 1964ರ ಒಡಕಿನ ನಂತರ ಸಿಪಿಐ ‘ರಾಷ್ಟ್ರೀಯ ಪ್ರಜಾಪ್ರಭುತ್ವ’ ಕ್ರಾಂತಿ ಎಂದಿತು, ಸಿಪಿಎಂ ‘ಜನತಾ ಪ್ರಜಾಪ್ರಭುತ್ವ’ ಎಂದಿತು, 1967ರ ನಕ್ಸಲ್‌ಬಾರಿ ರೈತ ಬಂಡಾಯದ ನಂತರ ಬಂದವರು ‘ಅರೆ ಊಳಿಗಮಾನ್ಯ, ಅರೆ ವಸಾಹತು’ ದೇಶದಲ್ಲಿ ‘ನವ ಪ್ರಜಾಪ್ರಭುತ್ವ’ ಎಂದರು. ಹೊರಗಿನವರಿಗೆ ಪದಗಳ ಆಟದಂತೆ ಕಾಣುತ್ತದೆ. ಒಳಗೆ ಪ್ರಶ್ನೆ ಗಟ್ಟಿಯಾದದ್ದೇ: ಹಳ್ಳಿಯಲ್ಲಿ ಮುಖ್ಯ ಎದುರಾಳಿ ಯಾರು, ಶ್ರೀಮಂತ ರೈತ ಜತೆಗೆ ಬರುತ್ತಾನೋ ಎದುರು ನಿಲ್ಲುತ್ತಾನೋ? ಇಡೀ ದೇಶಕ್ಕೆ ಒಂದೇ ಚೀಟಿ ಅಂಟಿಸಲು ಹೋದದ್ದು ಮಾತ್ರ ಎಡವಟ್ಟಾಯಿತು. 1970ರಲ್ಲಿ ಪಂಜಾಬಿನ ಟ್ರ್ಯಾಕ್ಟರಿಗೂ ಬಂಟ್ವಾಳದ ಮುಡಿಗೂ ಒಂದೇ ಹೆಸರು ಹೊಂದುವುದಿಲ್ಲ. ಹತ್ತು ವರ್ಷ ಕಳೆದು ಕೇಳಿದ್ದರೆ ಬಂಟ್ವಾಳದ ಉತ್ತರವೇ ಬದಲಾಗಿರುತ್ತಿತ್ತು.

*

ಪ್ರಶ್ನೆಗಳಲ್ಲಿ ಮೊದಲನೆಯದು: ‘ಒಂದೋ ಎರಡೋ ಎಕರೆ ಇದ್ದ ವಿಧವೆಯರ ಗೇಣಿಯೂ ಹೋಯಿತಲ್ಲ ಸರ್, ಅದೂ ಶೋಷಣೆಯಾ?’

ಹೋಯಿತು, ಹೌದು. ಸೈನಿಕರಂಥ ಕೆಲವರನ್ನು ಬಿಟ್ಟರೆ ಕಾಯ್ದೆ ಒಡೆಯರಲ್ಲಿ ದೊಡ್ಡವರು, ಸಣ್ಣವರು ಎಂದು ಭೇದ ಮಾಡಲಿಲ್ಲ. ದೇವಸ್ಥಾನ, ಮಠಗಳಿಗೆ ವರ್ಷಾಶನದ ಏರ್ಪಾಡಾಯಿತು. ಬೇರೆ ಆದಾಯವಿಲ್ಲದ ಸಣ್ಣ ಒಡತಿಗೆ ಸಿಕ್ಕಿದ ಪರಿಹಾರ ಗೇಣಿಗೆ ಸಾಟಿಯಾಗಲಿಲ್ಲ. ಗೇಣಿ ಒಂದು ಸಂಬಂಧ, ಒಡೆಯನ ಸ್ವಭಾವವಲ್ಲ ಎಂದು ಮಾರ್ಕ್ಸ್‌ವಾದಿ ಉತ್ತರ ಕೊಡಬಹುದು, ಅದು ಸರಿಯೂ ಹೌದು. ಆದರೆ ಸಂಬಂಧ ಕಡಿದಾಗ ಬಿದ್ದವರಿಗೆ ಬೇರೆ ಆಸರೆ ಒದಗಿಸುವುದು ರಾಜಕೀಯದ ಕೆಲಸವಾಗಿತ್ತು, ಅದು ಆಗಲಿಲ್ಲ. ನಗರದ ಮನೆ ನಿವೇಶನದ ಮೂಲಗೇಣಿಯನ್ನು ಈ ಕಾಯ್ದೆ ಮುಟ್ಟಲೇ ಇಲ್ಲ ಎಂಬುದನ್ನೂ ಸೇರಿಸುತ್ತೇನೆ. ಅದಕ್ಕೆ 2011ರ ಬೇರೆಯೇ ಕಾಯ್ದೆ ಬೇಕಾಯಿತು.

ಎರಡನೆಯದು: ‘ಈಗ ಗದ್ದೆಯೇ ಇಲ್ಲ, ಹಡಿಲು. ಈ ಲೆಕ್ಕ ಯಾರಿಗೆ ಬೇಕು?’

ಹಡಿಲಿಗೂ, ಅಂದರೆ ಬೇಸಾಯ ಬಿಟ್ಟು ಪಾಳು ಬಿದ್ದ ಗದ್ದೆಗೂ, ಇದೇ ಲೆಕ್ಕ. ಬೆಲೆ ನಿಗದಿ ಮಾಡುವ ‘ಅತಿ ಕೆಟ್ಟ ನೆಲ’ ಈಗ ನಮ್ಮ ಬೆಟ್ಟಲ್ಲ. ಗಂಗಾವತಿ, ಸಿಂಧನೂರು ಕಡೆಯ ಕಾಲುವೆ ನೀರಿನ ಅಕ್ಕಿ ಅಂಗಡಿಗೆ ಬಂದ ಮೇಲೆ ಮುಡಿಯ ಕ್ರಯ ಬೆಟ್ಟಿನ ಖರ್ಚಿಗಿಂತ ಕೆಳಗಿಳಿಯಿತು. ಕೂಲಿ ಏರಿತು, ಹುಣಿಯಿಂದ ಹುಣಿಗೆ ತುಂಡಾದ ಮೆಟ್ಟಿಲು ಗದ್ದೆಗೆ ದೊಡ್ಡ ಯಂತ್ರ ಇಳಿಯುವುದಿಲ್ಲ. ನಮ್ಮ ಲೆಕ್ಕದಲ್ಲಿ ಬೆಟ್ಟಿನ ಮಿಗತೆ ಸೊನ್ನೆ ಇತ್ತಲ್ಲ, ಅದು ಸೊನ್ನೆಗಿಂತ ಕೆಳಗೆ ಹೋಯಿತು. ಮೊದಲು ಬೆಟ್ಟು ಹಡಿಲು ಬಿತ್ತು, ಆಮೇಲೆ ಮಜಲು.

ಜಾಗದ ಕ್ರಯ ನೋಡಿ. ವರ್ಷಕ್ಕೆ 200 ಪೌಂಡ್ ಗೇಣಿ ತರುವ ನೆಲಕ್ಕೆ 5 ಶೇಕಡಾ ಬಡ್ಡಿ ಲೆಕ್ಕದಲ್ಲಿ 4,000 ಪೌಂಡ್ ಬೆಲೆ ಎಂದು ಮಾರ್ಕ್ಸ್ ತೋರಿಸಿದ. ನೆಲದ ಬೆಲೆ ಎಂದರೆ ಬರಲಿರುವ ಗೇಣಿಯನ್ನು ಬಡ್ಡಿಯಿಂದ ಭಾಗಿಸಿದ್ದು. ನಮ್ಮ ಬೈಲಿನ 8 ಮುಡಿ, ಅಂದರೆ 800 ರೂಪಾಯಿ, ಅದೇ ಬಡ್ಡಿಗೆ 16,000 ಆಯಿತು, ಬೆಟ್ಟಿಗೆ ಸೊನ್ನೆ. ಇಂದು ಮಣಿಪಾಲದ ಸುತ್ತಲೋ ಸುರತ್ಕಲ್ ಕಡೆಯೋ ವಿಚಾರಿಸಿದರೆ ಉಲ್ಟಾ. ಎತ್ತರದ, ಒಣಗಿದ, ರಸ್ತೆ ಬದಿಯ ಬೆಟ್ಟಿಗೇ ಕ್ರಯ. ಅಕ್ಕಿ ಬೆಳೆಯದ ಗುಣವೇ ಸೈಟಿಗೆ ಗುಣವಾಯಿತು. ಕಟ್ಟಡದ ನೆಲದ ಗೇಣಿಯನ್ನು ಮಾರ್ಕ್ಸ್ 46ನೇ ಅಧ್ಯಾಯದಲ್ಲಿ ಬೇರೆಯಾಗಿ ಎತ್ತಿಕೊಂಡದ್ದು ಇದಕ್ಕೇ. ಅಲ್ಲಿ ಫಲವತ್ತತೆ ಲೆಕ್ಕಕ್ಕಿಲ್ಲ, ಜಾಗ ಎಲ್ಲಿದೆ ಎಂಬುದೇ ಎಲ್ಲ, ಮತ್ತು ಒಡೆಯ ಏನೂ ಮಾಡದೆ ಕೂತರೂ ಊರು ಬೆಳೆದಷ್ಟು ಅದು ಬೆಳೆಯುತ್ತದೆ. ಬೆಟ್ಟು ಮುಗಿದ ಕಡೆ ಕೆಂಪು ಮಣ್ಣು ಸುರಿದು ಬೈಲನ್ನೂ ಎತ್ತರಿಸುತ್ತಾರೆ. ತೋಡು ಕಟ್ಟುತ್ತದೆ, ಜೂನ್‌ನಲ್ಲಿ ನೀರು ಪಕ್ಕದವರ ಅಂಗಳಕ್ಕೆ ಬರುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದ ಮೇಲೆ ಈ ದಾರಿ ಇನ್ನೂ ಸಲೀಸು.

ಇನ್ನು ಉಳಿದ ಬೈಲಿನಲ್ಲಿ ಬೇಸಾಯ ಮಾಡುವವರು ಯಾರು? ಬಹಳ ಕಡೆ ಒಡೆಯನಲ್ಲ. ಗೇಣಿ ಕಾನೂನಿನಲ್ಲಿ ಇಲ್ಲ, ಬಾಯಿಮಾತಿನಲ್ಲಿ ಇದೆ. ‘ಮಾಡಿಕೊಳ್ಳಿ, ಮನೆಗೆ ಊಟಕ್ಕೆ ಸ್ವಲ್ಪ ಅಕ್ಕಿ ಕೊಟ್ಟರೆ ಸಾಕು, ಕಾಗದ ಮಾತ್ರ ಬೇಡ’ ಎಂಬ ಷರತ್ತು. ಕಾಗದ ಬೇಡ ಎನ್ನುವುದು 1974ರ ನೆನಪು. ಕಾಗದ ಇಲ್ಲದ ಕಾರಣ ಬೆಳೆ ಸಾಲ, ಬೆಳೆ ವಿಮೆ, ನೆರೆ ಪರಿಹಾರ ಎಲ್ಲ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ. ಕೆಸರಿನಲ್ಲಿ ಇಳಿದವನಿಗೆ ಗೇಣಿ ಹೆಚ್ಚುಕಡಿಮೆ ಸೊನ್ನೆಯೇ. ಆದರೆ ಅಕ್ಟೋಬರ್‌ನಲ್ಲಿ ಏಣೆಲು ಕೊಯ್ಯಲು ಬಂದ ಕಟಾವು ಯಂತ್ರದವನು ಗದ್ದೆಯ ಬದಿಯಲ್ಲೇ ನಿಂತು ಗಂಟೆ ಲೆಕ್ಕದ ಬಾಡಿಗೆ ಎಣಿಸಿಕೊಳ್ಳುತ್ತಾನೆ. ಭತ್ತವನ್ನು ಗೋಣಿಗೆ ತುಂಬುವುದು ಆಮೇಲೆ.